ಮೆಥಡ್ ಮೇಲಿನ ಅನೋಟೇಷನ್ ರನ್‌ಟೈಮ್‌ನಲ್ಲಿ ಮಾಯ, ಯಾರಾದರೂ ನೋಡ್ರಿ

ನವನಗರ_ಜಾವಾ (ಬಾಗಲಕೋಟೆ):
ತಲೆ ಕೆಟ್ಟು ಹೋಗಿದೆ. ಜಾವಾದಲ್ಲಿ ಸ್ಟ್ರಿಂಗ್ ರಿಟರ್ನ್ ಮಾಡುವ ಮೆಥಡ್‌ಗೆ ನಾನೇ ಬರೆದ @ಖಾಲಿಬೇಡ ಅನ್ನೋ ಅನೋಟೇಷನ್ (ಕೋಡ್‌ಗೆ ಅಂಟಿಸುವ ಗುರುತು) ಹಾಕಿದ್ದೇನೆ. ಕಂಪೈಲ್ ಸಲೀಸಾಗಿ ಆಗುತ್ತದೆ. ರಿಫ್ಲೆಕ್ಷನ್‌ನಲ್ಲಿ (ಪ್ರೋಗ್ರಾಂ ಓಡುವಾಗಲೇ ತನ್ನ ಕೋಡ್ ನೋಡಿಕೊಳ್ಳೋದು) ಆ ಮೆಥಡ್ ಹಿಡಿದು ಗೆಟ್‌ಅನೋಟೇಷನ್ ಅಂದರೆ ನಲ್, ಏನೂ ಇಲ್ಲ! ಕಂಪೈಲರ್ ನುಂಗಿತಾ ಹೇಗೆ?

ಕುಂದಾ_ಕೋಡರ್ (ಬೆಳಗಾವಿ):
ರಿಟೆನ್ಷನ್ (ಅನೋಟೇಷನ್ ಎಲ್ಲಿವರೆಗೆ ಉಳಿಯಬೇಕು ಅನ್ನೋ ಸಾಲು) ರನ್‌ಟೈಮ್ ಅಂತ ಹಾಕಿದ್ದೀರಾ? ಏನೂ ಬರೆಯದಿದ್ದರೆ ಅದು ಕ್ಲಾಸ್ ಅಂತಲೇ ಲೆಕ್ಕ. ಕಂಪೈಲ್ ಆದ ಕ್ಲಾಸ್ ಫೈಲ್‌ನಲ್ಲಿ ಇರುತ್ತದೆ, ರಿಫ್ಲೆಕ್ಷನ್‌ಗೆ ಕಾಣಲ್ಲ. ನೂರಕ್ಕೆ ನೂರು ಇದೇ.

ನವನಗರ_ಜಾವಾ:
ಹಾಕಿದ್ದೀನ್ರೀ. ಅಷ್ಟೂ ಗೊತ್ತಿಲ್ವಾ ನನಗೆ?

ಕುಂದಾ_ಕೋಡರ್:
ಹಾಗಾದರೆ ಹಳೇ ಕ್ಲಾಸ್ ಫೈಲ್ ಓಡ್ತಿದೆ. ಎಲ್ಲ ಅಳಿಸಿ ಮತ್ತೆ ಬಿಲ್ಡ್ ಮಾಡಿ.

ನವನಗರ_ಜಾವಾ:
ಮಾಡಿದೆ. ಅದೇ ನಲ್.

ಕುಂದಾ_ಕೋಡರ್:
ರಿಟೆನ್ಷನ್ ಸಾಲು ಇನ್ನೊಮ್ಮೆ ನೋಡಿ. ನನಗಂತೂ ಅದರ ಮೇಲೇ ಡೌಟು.

ಗುಮ್ಮಟ_ಎಕೋ (ವಿಜಯಪುರ):
ಕೋಡ್ ಬರೆಯೋಕೆ ಎಕ್ಲಿಪ್ಸ್ ಬಳಸ್ತಿದ್ದೀರಾ? ಬಿಟ್ಟುಬಿಡಿ. ನಾನು 64 ಜಿಬಿ ರ‍್ಯಾಮ್ ಹಾಕಿಸಿದ ಮೇಲೆ ಆ ಕಡೆ ತಿರುಗಿಯೂ ನೋಡಿಲ್ಲ.

ಕುಂದಾ_ಕೋಡರ್:
ಎಕ್ಲಿಪ್ಸ್‌ಗೆ ಏನಾಗಿದೆ ಸರ್? ಅದಕ್ಕೆ ಸ್ವಂತ ಕಂಪೈಲರ್ ಇದೆ. ರ‍್ಯಾಮ್‌ಗೂ ನಲ್‌ಗೂ ಏನು ಸಂಬಂಧ?

ಜಮಖಂಡಿ_ಬೈಟ್:
ಜಗಳ ಆಮೇಲೆ ಆಡಿ. ಅನೋಟೇಷನ್‌ನ ಟಾರ್ಗೆಟ್, ಅಂದರೆ ಎಲ್ಲಿ ಹಾಕಬಹುದು ಅಂತ ಬರೆದಿದ್ದು, ಏನು? ಕ್ಲಾಸ್ ಫೈಲ್ ಬಿಚ್ಚಿ ತೋರಿಸುವ ಜಾವಾಪಿ -ವಿ ಓಡಿಸಿ ಏನು ಬಂತು ಹೇಳಿ.

ನವನಗರ_ಜಾವಾ:
ಟೈಪ್_ಯೂಸ್, ಟೈಪ್ ಬಳಸಿದ ಕಡೆ ಹಾಕೋದು. ಮಾಮೂಲಿ ಅಲ್ವಾ, ಅದಕ್ಕೇ ಬರೆಯಲಿಲ್ಲ. ಔಟ್‌ಪುಟ್‌ನಲ್ಲಿ ರನ್‌ಟೈಮ್‌ವಿಸಿಬಲ್‌ಟೈಪ್‌ಅನೋಟೇಷನ್ಸ್, ಕೆಳಗೆ ಮೆಥಡ್_ರಿಟರ್ನ್ ಅಂತ ಇದೆ.

ಜಮಖಂಡಿ_ಬೈಟ್:
ಮತ್ತೆ ಇದೆಯಲ್ಲ! ನುಂಗಿಲ್ಲ, ಬೇರೆ ಖಾನೆಯಲ್ಲಿ ಇಟ್ಟಿದೆ. ಟೈಪ್_ಯೂಸ್ ಬಂದಿದ್ದು 2014ರಲ್ಲಿ, ಜಾವಾ 8 ಜೊತೆ. ನೀವು ಮೆಥಡ್ ತಲೆ ಮೇಲೆ ಬರೆದರೂ ಕಂಪೈಲರ್ ಅದನ್ನು ರಿಟರ್ನ್ ಟೈಪ್‌ಗೆ ಅಂಟಿಸುತ್ತದೆ. ಮೆಥಡ್‌ನ ಗೆಟ್‌ಅನೋಟೇಷನ್ ಆ ಖಾನೆ ತೆಗೆಯೋದೇ ಇಲ್ಲ. ಮೊದಲು ಗೆಟ್‌ಅನೋಟೇಟೆಡ್‌ರಿಟರ್ನ್‌ಟೈಪ್ ಕರೆಯಿರಿ, ಸಿಕ್ಕಿದ್ದರ ಮೇಲೆ ಗೆಟ್‌ಅನೋಟೇಷನ್ ಕೇಳಿ. ಟಾರ್ಗೆಟ್‌ಗೆ ಮೆಥಡ್ ಕೂಡ ಸೇರಿಸಿದರೆ ಎರಡೂ ಕಡೆ ಬರೆಯುತ್ತದೆ. ಬರೀ ಟೈಪ್_ಯೂಸ್ ಇಟ್ಟು ಏನೂ ರಿಟರ್ನ್ ಮಾಡದ ವಾಯ್ಡ್ ಮೆಥಡ್‌ಗೆ ಹಾಕಿದ್ದರೆ ಕಂಪೈಲೇ ಆಗ್ತಿರಲಿಲ್ಲ.

ಕುಂದಾ_ಕೋಡರ್:
ರಿಟೆನ್ಷನ್ ಇಲ್ಲದಿದ್ದರೆ ಇದೂ ಸಿಗಲ್ಲ ಬಿಡಿ.

ನವನಗರ_ಜಾವಾ:
ಬಂತು! ಈಗ ಇನ್ನೊಂದು ತಲೆನೋವು. ಇದೇ ಕ್ಲಾಸ್ ಕಂಪೈಲ್ ಆಗಿ ಜಾರ್ ಫೈಲ್‌ನಲ್ಲಿದ್ದರೆ ನನ್ನ ಅನೋಟೇಷನ್ ಪ್ರೊಸೆಸರ್‌ಗೆ (ಕಂಪೈಲ್ ವೇಳೆ ಅನೋಟೇಷನ್ ಓದುವ ಕೋಡ್) ಇದು ಕಾಣ್ತಿಲ್ಲ. ಸೋರ್ಸ್ ಕೊಟ್ಟರೆ ಕಾಣುತ್ತದೆ.

ಜಮಖಂಡಿ_ಬೈಟ್:
ಜೆಡಿಕೆ (ಜಾವಾ ಕಿಟ್) ಯಾವ ಆವೃತ್ತಿ? ಅದರ ಹಳೇ ಕಂಪೈಲರ್ ಜಾವಾಸಿ ಟೈಪ್ ಅನೋಟೇಷನ್ ಬರೆಯುತ್ತಿತ್ತು, ಆದರೆ ಕ್ಲಾಸ್ ಫೈಲ್‌ನಿಂದ ವಾಪಸ್ ಓದಿ ಪ್ರೊಸೆಸರ್‌ಗೆ ಕೊಡ್ತಿರಲಿಲ್ಲ. ಜೆಡಿಕೆ 22ರಲ್ಲಿ ಸರಿ ಮಾಡಿದರು.

ನವನಗರ_ಜಾವಾ:
17. ಆಫೀಸಿನಲ್ಲಿ ಬದಲಾಯಿಸಲು ಬಿಡಲ್ಲ. ಬೇರೆ ದಾರಿ?

ಗುಮ್ಮಟ_ಎಕೋ:
ನನ್ನ ಮಷೀನ್‌ನಲ್ಲಿ 8, 11, 17, 22 ನಾಲ್ಕೂ ಇವೆ, ಜೊತೆಗೆ ಎರಡು ಮಾನಿಟರ್. ಫೋಟೋ ಹಾಕಲಾ?