ಎಸ್‌ಎಟಿ 1510, ಕಂಪ್ಯೂಟರ್ ಸೈನ್ಸ್ ಬೇಕು: ಮಗಳಿಗೆ ಚಾನ್ಸ್ ಎಷ್ಟು?

ತೋಟದಮನೆ:
ಮಗಳು ಕ್ಯಾಲಿಫೋರ್ನಿಯಾದ ಪಬ್ಲಿಕ್ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ಜಿಪಿಎ (ಗ್ರೇಡುಗಳ ಸರಾಸರಿ) 3.9, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ 1510. ಎರಡು ವರ್ಷದಿಂದ ರೋಬೋಟಿಕ್ಸ್ ಕ್ಲಬ್ಬಿನಲ್ಲಿದ್ದಾಳೆ, ಶನಿವಾರ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಬರ್ಕ್ಲಿ, ಎಂಐಟಿ, ಕಾರ್ನೆಗಿ ಮೆಲನ್ ಅಂತ ಪಟ್ಟಿ ಮಾಡಿಕೊಂಡಿದ್ದಾಳೆ. ಒಂದು ವೆಬ್‌ಸೈಟಿನಲ್ಲಿ ಇದನ್ನೆಲ್ಲ ತುಂಬಿದರೆ ಬರ್ಕ್ಲಿಯಲ್ಲಿ ಸೀಟು ಸಿಗುವ ಚಾನ್ಸ್ 38% ಅಂತ ಬಂತು, ಇನ್ನೊಂದರಲ್ಲಿ 9%. ಯಾವುದನ್ನು ನಂಬೋದು? ಎಸ್‌ಎಟಿ ಇನ್ನೊಂದು ಸಲ ಬರೆಸಲಾ?

ಹಳೇಬೆಂಚು:
ಎರಡನ್ನೂ ನಂಬಬೇಡಿ ಸರ್. ಬರ್ಕ್ಲಿಗೆ ಎಸ್‌ಎಟಿ ಲೆಕ್ಕಕ್ಕೇ ಇಲ್ಲ. 2021ರಿಂದ ಬರ್ಕ್ಲಿ ಸೇರಿ ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಯಾವ ಕ್ಯಾಂಪಸ್ಸೂ ಸೀಟು ಕೊಡುವಾಗ ಆ ಸ್ಕೋರು ನೋಡುವುದಿಲ್ಲ. ನೋಡದೇ ಇರುವ ಸ್ಕೋರು ಕೇಳಿಕೊಂಡು ಪರ್ಸೆಂಟ್ ಹೇಳುವ ಕ್ಯಾಲ್ಕುಲೇಟರ್ ಎಂಥದ್ದಿರಬಹುದು, ನೀವೇ ಹೇಳಿ. ಜಿಪಿಎ ಕೂಡ ಅವರದ್ದೇ ಲೆಕ್ಕ, ಒಂಬತ್ತನೇ ಕ್ಲಾಸಿನ ಗ್ರೇಡು ಸೇರಿಸುವುದಿಲ್ಲ, ಪ್ಲಸ್ಸು ಮೈನಸ್ಸೂ ಇಲ್ಲ, ಹಾಗಾಗಿ ನಿಮ್ಮ 3.9 ಅಲ್ಲಿ ಬೇರೆಯೇ ಆಗಬಹುದು. ಎಂಐಟಿ ಉಲ್ಟಾ. ಎಸ್‌ಎಟಿ ಅಥವಾ ಅದರಂಥದ್ದೇ ಪರೀಕ್ಷೆ ಎಸಿಟಿ ಬೇಕೇ ಬೇಕು ಅಂತ 2022ರಲ್ಲಿ ಮತ್ತೆ ಹೇಳಿದರು. ಅಲ್ಲಿ ಸೇರುವವರ ಮ್ಯಾಥ್ ಸ್ಕೋರು ಹೆಚ್ಚಾಗಿ 800ರ ಅಕ್ಕಪಕ್ಕವೇ ಇರುತ್ತದೆ. ಇವಳದ್ದು 1510ರಲ್ಲಿ ಮ್ಯಾಥ್ ಎಷ್ಟು?

ಕಾಡುಮಲ್ಲಿಗೆ:
ಯೂನಿವರ್ಸಿಟಿ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಅಂತ ಹುಡುಕಿ, ಯೂನಿವರ್ಸಿಟಿಯೇ ಕೊಡುವ ಅಂಕಿಅಂಶ ಅದು, ಅದರಲ್ಲಿ ಸಿ7 ಟೇಬಲ್ ನೋಡಿ. ಗ್ರೇಡು, ಪ್ರಬಂಧ, ಶಿಫಾರಸು ಪತ್ರ, ಯಾವುದಕ್ಕೆ ಎಷ್ಟು ತೂಕ ಅಂತ ಅವರೇ ಗುರುತು ಹಾಕಿರುತ್ತಾರೆ. ಆದರೆ ಅದು ಇಡೀ ಯೂನಿವರ್ಸಿಟಿಯ ಲೆಕ್ಕ. ಕಾರ್ನೆಗಿ ಮೆಲನ್‌ನ ಕಂಪ್ಯೂಟರ್ ಸೈನ್ಸ್ ಸ್ಕೂಲಿಗೆ ಸೇರುವುದು ಅದಕ್ಕಿಂತ ಎಷ್ಟೋ ಕಷ್ಟ.

ನಮ್ಮ ಮಗನದ್ದು 1560 ಇತ್ತು, ನಾಲ್ಕು ಕಡೆ ‘ಇಲ್ಲ’ ಅಂದರು. ಅವನೂ ರೋಬೋಟಿಕ್ಸೇ. ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಒಂದೊಂದು ಚಟುವಟಿಕೆಗೆ 150 ಅಕ್ಷರ ಅಷ್ಟೇ ಜಾಗ, ಅದರಲ್ಲೂ ಮಹಾರಾಯ ಸುಮ್ನೆ ‘ಕ್ಲಬ್ ಸದಸ್ಯ, ತಂಡದ ಕೆಲಸ’ ಅಂತ ಬರೆದಿದ್ದ. ಮ್ಯಾಚ್ ಮಧ್ಯೆ ರೋಬೋ ನಿಂತುಹೋಗುತ್ತಿತ್ತಲ್ಲ, ಅದು ಯಾಕೆ ಅಂತ ಹುಡುಕಿದ್ದು ನೀನೇ ಅಲ್ವಾ ಅಂದೆ. ಬ್ಯಾಟರಿ ಕನೆಕ್ಟರ್ ಸಡಿಲ ಇತ್ತಂತೆ. ಅದನ್ನೇ ಬರೆದ. ಐದನೇ ಕಡೆ ಸಿಕ್ಕಿತು. ಅದರಿಂದಲೇ ಸಿಕ್ಕಿತು ಅಂತ ಹೇಳಲಾರೆ.

ತೋಟದಮನೆ:
ಮ್ಯಾಥ್ 740. ಹತ್ತು ಪರ್ಸೆಂಟ್ ಚಾನ್ಸ್ ಇರುವ ಹತ್ತು ಕಡೆ ಹಾಕಿದರೆ ಒಂದಾದರೂ ಬರಲೇಬೇಕಲ್ವಾ?

ಹಳೇಬೆಂಚು:
740 ಆದರೆ ಎಂಐಟಿಗೋಸ್ಕರ ಇನ್ನೊಂದು ಸಲ ಬರೆಸಿ. ಹತ್ತು ಕಡೆ ಲೆಕ್ಕ ಮಾತ್ರ ಬೇಡ, ಇದು ದಾಳ ಎಸೆದ ಹಾಗಲ್ಲ. ಹತ್ತೂ ಕಡೆ ಹೋಗುವುದು ಹೆಚ್ಚುಕಮ್ಮಿ ಅದೇ ಅರ್ಜಿ, ಒಬ್ಬರಿಗೆ ಕಂಡ ಕೊರತೆ ಇನ್ನೊಬ್ಬರಿಗೂ ಕಾಣುತ್ತದೆ. ಖಂಡಿತ ಸಿಗುವ, ಅವಳು ಖುಷಿಯಿಂದ ಹೋಗುವ ಎರಡು ಜಾಗ ಮೊದಲು ಪಟ್ಟಿಗೆ ಸೇರಿಸಿ. ಒಂದೇ ಕಾಲೇಜಿಗೆ ಮುಂಚೆಯೇ ಹಾಕುವ ಅರ್ಜಿ, ಅರ್ಲಿ ಡಿಸಿಷನ್, ಹಾಕುವುದಾದರೆ, ಸಿಕ್ಕಿದರೆ ಸೇರಲೇಬೇಕು ಅನ್ನುವ ಒಪ್ಪಂದ ಅದು, ಮೊದಲು ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರಿನಲ್ಲಿ ನಿಮಗೆ ಬೀಳುವ ಖರ್ಚು ನೋಡಿಕೊಳ್ಳಿ. ಆ ಕ್ಯಾಲ್ಕುಲೇಟರ್ ಪರವಾಗಿಲ್ಲ.

ತೋಟದಮನೆ:
ಮಗಳಿಗೆ ಇದನ್ನೆಲ್ಲ ತೋರಿಸಿದೆ. ಲೈಬ್ರರಿ ಮಕ್ಕಳ ಬಗ್ಗೆ 150 ಅಕ್ಷರದಲ್ಲಿ ಏನು ಹೇಳೋದು ಅಂತ ಆಗಿನಿಂದ ಬರೆದು ಅಳಿಸುತ್ತಾ ಕೂತಿದ್ದಾಳೆ.