ಮನೆಯಿಂದ ಉಪ್ಪಿನಕಾಯಿ, ಕೇಕ್ ಮಾರೋಕೆ ಲೈಸೆನ್ಸ್ ಬೇಕಾ?

ಮಿಡಿಮಾವು: ನಾನು ಸಾಗರದವಳು. ಅಪ್ಪೆಮಿಡಿ ಉಪ್ಪಿನಕಾಯಿ, ಮೊಟ್ಟೆ ಹಾಕಿದ ಪ್ಲಮ್ ಕೇಕ್, ಅನಾನಸ್ ಜ್ಯಾಮ್ ಮಾಡ್ತೇನೆ. ಇಷ್ಟು ದಿನ ಪರಿಚಯದವರಿಗಷ್ಟೇ ಕೊಡ್ತಿದ್ದೆ. ಈಗ ಬೆಂಗಳೂರಿನ ಒಂದು ಅಂಗಡಿಯವರು ಕೇಳ್ತಿದ್ದಾರೆ, ಆದರೆ ನಂಬರ್ ಇಲ್ಲದೆ ಬಾಟಲಿ ಇಡಲ್ವಂತೆ. ಅಡುಗೆಮನೆ ಒಂದೇ ಇರೋದು. ಏನು ಮಾಡಲಿ?

ಬೇಕರಿ ಭಾವ: ಅಂಗಡಿಯವರು ಹೇಳಿದ್ದು ಸರಿ ಅಕ್ಕ. ಸಣ್ಣ ವ್ಯಾಪಾರಕ್ಕೆ ದೊಡ್ಡ ಲೈಸೆನ್ಸ್ ಬೇಡ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಸಾಕು. ಅವರದೇ ವೆಬ್‌ಸೈಟ್ ಫಾಸ್ಕಾಸ್ (FoSCoS) ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಫೋಟೋ, ಗುರುತಿನ ಚೀಟಿ, ಮನೆ ವಿಳಾಸದ ದಾಖಲೆ ರೆಡಿ ಇಟ್ಕೊಳ್ಳಿ. 14 ಅಂಕಿಯ ನಂಬರ್ ಬರುತ್ತೆ, ಅದನ್ನು ಲೇಬಲ್ ಮೇಲೆ ಹಾಕಿ. ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಮಿಡಿಮಾವು: ಲೇಬಲ್ ಮೇಲೆ ಇನ್ನೇನು ಬೇಕು?

ಬೇಕರಿ ಭಾವ: ಹಾಕಿದ ಪದಾರ್ಥಗಳು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಎಂಆರ್‌ಪಿ, ನಿಮ್ಮ ವಿಳಾಸ. ಉಪ್ಪಿನಕಾಯಿಗೆ ಹಸಿರು ಚುಕ್ಕಿ. ಕೇಕಿಗೆ ಮಾತ್ರ ಕಂದು ತ್ರಿಕೋನ, ಮೊಟ್ಟೆ ಇದೆಯಲ್ಲ! ಜನ ಇಲ್ಲೇ ಜಾಸ್ತಿ ಎಡವೋದು.

ಕುಂದಾಪುರದ ಅತ್ತಿಗೆ: ಕಾಗದಪತ್ರಕ್ಕಿಂತ ಬಾಟಲಿ ನೋಡಿ ಮಾರಾಯ್ತಿ. ಉಪ್ಪಿನಕಾಯಿ, ಜ್ಯಾಮ್‌ಗೆ ಉಪ್ಪು, ಹುಳಿ, ಸಕ್ಕರೆಯೇ ಕಾವಲು. ಹುಳಿಯಿಲ್ಲದ ಬೀನ್ಸ್, ಜೋಳ ಬೇಯಿಸಿ ಬಾಟಲಿಗೆ ತುಂಬಿ ಮಾರೋ ಯೋಚನೆ ಬೇಡ. ಪಿಎಚ್ (ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಇದು ಏರುತ್ತೆ) 4.6ಕ್ಕಿಂತ ಮೇಲಿದ್ದರೆ ಬಾಟ್ಯುಲಿಸಂ ಅನ್ನೋ ಜೀವಕ್ಕೇ ಕುತ್ತು ತರೋ ಆಹಾರ ವಿಷಬಾಧೆಯ ಭಯ. ಬರೀ ಕುದಿಯುವ ನೀರಿಗೆ ಅದನ್ನು ತರೋ ರೋಗಾಣುವಿನ ಬೀಜಾಣು ಸಾಯಲ್ಲ, ವಾಸನೆಯಲ್ಲೂ ಗೊತ್ತಾಗದೇ ಇರಬಹುದು.

ಮಿಡಿಮಾವು: ಬೀನ್ಸ್ ಪಟ್ಟಿಯಲ್ಲೇ ಇಲ್ಲ ಅತ್ತಿಗೆ! ಇವತ್ತೇ ಅರ್ಜಿ ಹಾಕ್ತೇನೆ.