ಬಾಲಾ ಮಂತ್ರ ಜಪ ಶುರುವಾದ ಮೇಲೆ ಆಸೆ, ಸಿಟ್ಟು ಎರಡೂ ಹೆಚ್ಚಾಗಿವೆ. ಅನುಭವ ಇರುವವರು ಹೇಳಿ

ಪ್ರಶ್ನೆ: ಗುರುಗಳಿಂದ ಬಾಲಾ (ಲಲಿತಾದೇವಿಯ ಬಾಲರೂಪ) ಮಂತ್ರದ ಉಪದೇಶ ಆಗಿದೆ, ಬೆಳಿಗ್ಗೆ ಜಪ ತಪ್ಪಿಸುವುದಿಲ್ಲ. ಆದರೆ ರಾತ್ರಿ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ ಹೋಗಿಲ್ಲ. ಮನೆಯವರ ಮೇಲೆ ರೇಗುವುದೂ ಜಾಸ್ತಿಯಾಗಿದೆ. ತಂತ್ರಮಾರ್ಗದಲ್ಲಿ ಭೋಗವೂ ಸಾಧನೆಯೇ ಎಂದು ಗೆಳೆಯರೊಬ್ಬರು ಪಂಚಮಕಾರದ (ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನ) ಮಾತು ತೆಗೆಯುತ್ತಾರೆ. ನನಗೆ ಯೋಗ್ಯತೆ ಇಲ್ಲವೆಂದು ಜಪ ನಿಲ್ಲಿಸಲೇ?

ಉತ್ತರ 1: ದಯವಿಟ್ಟು ನಿಲ್ಲಿಸಬೇಡಿ. ನನಗೂ ಮೊದಲ ವರ್ಷಗಳಲ್ಲಿ ಹೀಗೇ ಆಗಿತ್ತು. ಒಳಗೆ ಅಡಗಿದ್ದದ್ದು ಜಪಕ್ಕೆ ಕೂತಾಗ ಕಣ್ಣಿಗೆ ಬೀಳತೊಡಗಿತು, ಅಷ್ಟೇ. ನನಗೆ ದಾರಿ ತೋರಿಸಿದ್ದು ದೇವಿಯ ಪೂಜಾಯಂತ್ರವಾದ ಶ್ರೀಚಕ್ರದ ಆವರಣಗಳ, ಅಂದರೆ ಹೊರಗಿನಿಂದ ಒಳಕ್ಕೆ ಸಾಗುವ ಸುತ್ತುಗಳ ಕ್ರಮ. ಒಂಬತ್ತು ಆವರಣಗಳಲ್ಲಿ ತೀರ ಹೊರಗಿನದು ತ್ರೈಲೋಕ್ಯಮೋಹನ, ಅಂದರೆ ಭೂಪುರ ಎಂಬ ಚೌಕ. ಅಲ್ಲಿರುವ ಬ್ರಾಹ್ಮೀ ಮೊದಲಾದ ಎಂಟು ಮಾತೃಕೆಯರನ್ನು, ಶ್ರೀಚಕ್ರವನ್ನು ನಮ್ಮ ದೇಹದಲ್ಲೇ ಭಾವಿಸಲು ಕಲಿಸುವ ಭಾವನೋಪನಿಷತ್ತು ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ, ಪುಣ್ಯ, ಪಾಪ ಎಂದೇ ಭಾವಿಸಲು ಹೇಳುತ್ತದೆ. ಕಾಮವನ್ನು ಅಲ್ಲಿ ಹೊರಗಟ್ಟಿಲ್ಲ, ಬಾಗಿಲಲ್ಲಿ ಕೂರಿಸಿ ಪೂಜೆ ಮಾಡಿ ಮುಂದೆ ಹೋಗುತ್ತಾರೆ. ಅಣಿಮಾದಿ ಸಿದ್ಧಿಗಳು, ಅಂದರೆ ಅತಿಮಾನುಷ ಶಕ್ತಿಗಳು, ಇರುವುದೂ ಇದೇ ಹೊರಬಾಗಿಲಲ್ಲಿ. ವಶೀಕರಣ, ಸಿದ್ಧಿ ಎಂದು ಆಸೆ ಹುಟ್ಟಿಸುವವರು ಸಿಕ್ಕರೆ ಇದು ನೆನಪಿರಲಿ.

ಎರಡನೆಯ ಆವರಣದ ಹೆಸರು ಸರ್ವಾಶಾಪರಿಪೂರಕ. ಅದರ ಹದಿನಾರು ದಳಗಳಲ್ಲಿ ಕಾಮಾಕರ್ಷಿಣಿ, ಬುದ್ಧ್ಯಾಕರ್ಷಿಣಿ, ಅಹಂಕಾರಾಕರ್ಷಿಣಿ, ಶಬ್ದಾಕರ್ಷಿಣಿ ಹೀಗೆ ಸಾಲಾಗಿ ಬರುತ್ತಾರೆ. ಮನಸ್ಸನ್ನು ಯಾವುದು ಎಳೆಯುತ್ತದೋ ಅದಕ್ಕೆಲ್ಲ ಒಬ್ಬೊಬ್ಬ ದೇವತೆ. ರಾತ್ರಿ ಮೊಬೈಲಿನ ಕಡೆ ಕೈ ಹೋಗುವಾಗ ಯಾರು ಎಳೆಯುತ್ತಿದ್ದಾಳೆಂದು ಗುರುತಿಸಿ, ಒಂದು ನಮಸ್ಕಾರ ಹಾಕಿ ಎದ್ದುಬಿಡಿ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಭಾವನೆ ಎಷ್ಟು ಉನ್ನತವಾಗಿದ್ದರೂ ಇಂಥ ಸಣ್ಣ ಕಟ್ಟುಪಾಡು ಬೇಕೇ ಬೇಕು.

ಉತ್ತರ 2: ನನಗಿದ್ದ ತೊಂದರೆ ಸಿಟ್ಟು. ಲಲಿತಾ ಸಹಸ್ರನಾಮದ ಆರಂಭದಲ್ಲೇ ‘ರಾಗಸ್ವರೂಪಪಾಶಾಢ್ಯಾ, ಕ್ರೋಧಾಕಾರಾಂಕುಶೋಜ್ಜ್ವಲಾ’ ಎಂದಿದೆ. ಆಸೆಯೆಂಬ ಪಾಶ, ಕ್ರೋಧವೆಂಬ ಅಂಕುಶ ಇರುವುದು ಅಮ್ಮನ ಕೈಯಲ್ಲಿ. ರೇಗಿದ ದಿನ ಈ ಎರಡು ನಾಮಗಳ ಹತ್ತಿರ ನಿಂತು, ಇದು ನನ್ನ ಕೈಯಲ್ಲಿ ಇರಬೇಕಾದ ಆಯುಧವಲ್ಲ, ನೀನೇ ಇಟ್ಟುಕೋ ಎಂದು ಬೇಡುತ್ತೇನೆ. ಸಿಟ್ಟು ಈಗಲೂ ಬರುತ್ತದೆ, ಆದರೆ ಬೇಗ ಇಳಿಯುತ್ತದೆ. ಇನ್ನೊಂದು ಮಾತು: ‘ಗುಹ್ಯಾತಿಗುಹ್ಯಗೋಪ್ತ್ರೀ ತ್ವಂ’ ಎಂಬ ಸಮರ್ಪಣೆಯ ಶ್ಲೋಕ ಹೇಳಿ ಜಪವನ್ನು ದೇವಿಗೆ ಒಪ್ಪಿಸದೆ ಏಳಬೇಡಿ. ನಾನು ಇಷ್ಟು ಮಾಡಿದೆ ಎಂಬ ಹಮ್ಮು ಉಳಿದರೆ ಅದೇ ಮನೆಯವರ ಮೇಲೆ ರೇಗಾಟವಾಗಿ ಹೊರಬೀಳುತ್ತದೆ.

ಉತ್ತರ 3: ನಿಮ್ಮ ಗೆಳೆಯರಿಗೆ ಕೌಲ ಪಂಥದ, ಅಂದರೆ ಪಂಚಮಕಾರ ಬಳಸುವ ಪಂಥದ, ಕುಲಾರ್ಣವ ತಂತ್ರದ ಎರಡನೆಯ ಉಲ್ಲಾಸ (ಅಧ್ಯಾಯ) ತೋರಿಸಿ. ಮದ್ಯ ಕುಡಿದರೆ ಸಿದ್ಧಿ ಸಿಗುವುದಾದರೆ ಕುಡುಕರೆಲ್ಲ ಸಿದ್ಧರಾಗಬೇಕಿತ್ತು ಎಂದು ಕೌಲಗ್ರಂಥವೇ ಹೇಳುತ್ತದೆ. ಕತ್ತಿಯ ಅಲಗಿನ ಮೇಲೆ ನಡೆಯುವುದಕ್ಕಿಂತ ಆ ಆಚಾರ ಕಷ್ಟ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ನಮ್ಮ ಪರಂಪರೆಯಲ್ಲಿ ಪೂಜೆಯಲ್ಲಿ ದೇವಿಗೆ ಅರ್ಪಿಸುವ ವಿಶೇಷಾರ್ಘ್ಯಕ್ಕೆ ಮದ್ಯದ ಬದಲು ಹಾಲು, ಶುಂಠಿ ಬಳಸುತ್ತೇವೆ. ನಿಮ್ಮ ಗುರುಗಳು ಹೇಳಿದ ಆಚಾರ ಯಾವುದೋ ಅದನ್ನು ಬಿಟ್ಟು ಬೇರೆಯವರ ಮಾತಿಗೆ ಹೋಗಬೇಡಿ.

ಕೇಳಿದವರು: ಎಲ್ಲರಿಗೂ ನಮಸ್ಕಾರ. ಜಪ ಮುಂದುವರಿಸುತ್ತೇನೆ. ನವರಾತ್ರಿಗೆ ಗುರುಗಳನ್ನು ಕಾಣಲಿದ್ದೇನೆ, ಚಟದ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಅಲ್ಲಿಯವರೆಗೆ ಭಾವನೋಪನಿಷತ್ತು ಓದಬಹುದೇ?

ಉತ್ತರ 1: ಧಾರಾಳವಾಗಿ ಓದಿ, ಶ್ರೀವಿದ್ಯೆಯ ವಿದ್ವಾಂಸ ಭಾಸ್ಕರರಾಯರು ಅದಕ್ಕೆ ಬರೆದ ಭಾಷ್ಯ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಹೇಳಿದ ಭಾವನೆಯ ಪ್ರಯೋಗವನ್ನು, ಅಂದರೆ ಅಭ್ಯಾಸವನ್ನು ಮಾತ್ರ ಗುರುಗಳನ್ನು ಕೇಳಿಯೇ ಶುರು ಮಾಡಿ.